ಒಂದೇ ಬೇಸಿಗೆ, ಎರಡು ತೊಂದರೆ: ಕಲಬುರಗಿಯ ಬಿಸಿಲಲ್ಲಿ ಶುಗರ್ ಇಳಿದು ಏರಿದ ಪ್ರಕರಣ

ಬೇಸಿಗೆ ಬಂತೆಂದರೆ ನಮ್ಮ ಮೆಡಿಕಲ್ ಅಂಗಡಿಯಲ್ಲಿ ಒಂದು ಪ್ರಶ್ನೆ ತಪ್ಪದೇ ಬರುತ್ತದೆ. ಬಿಸಿಲಿಗೆ ಶುಗರ್ ಏರುತ್ತದೋ, ಇಳಿಯುತ್ತದೋ? ಕಲಬುರಗಿಯಲ್ಲಿ ಏಪ್ರಿಲ್, ಮೇ ಮಧ್ಯಾಹ್ನ 40 ಡಿಗ್ರಿ ದಾಟುವುದು ಮಾಮೂಲು. ಕೆಲವು ದಿನ 43, 44ರವರೆಗೂ ಹೋಗುತ್ತದೆ. ಹಾಗಾಗಿ ಇಲ್ಲಿ ಯಾರೂ ಇದನ್ನು ಸುಮ್ನೆ ಕೇಳುವುದಿಲ್ಲ. ಕೇಳಿದವರಿಗೆ ನಾನು ಹೇಳುವುದು, ಎರಡೂ ಆಗಬಹುದು. ಒಬ್ಬರಿಗೇ, ಒಂದೇ ಬೇಸಿಗೆಯಲ್ಲಿ, ಬೇರೆ ಬೇರೆ ಕಾರಣಕ್ಕೆ. ನಮ್ಮ ಕಾಕಾ ಅವರಿಗೆ ಆದದ್ದು ಅದೇ. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ಕಾಕಾ ಅವರಿಗೆ 61 ವರ್ಷ. 14 ವರ್ಷದಿಂದ ಟೈಪ್ 2 ಮಧುಮೇಹ. ಹಗ್ಗ, ಪೈಪು, ತಾಡಪತ್ರಿ ಮಾರುವ ಅಂಗಡಿ ಇದೆ. ಅಂಗಡಿಯ ಮೇಲ್ಛಾವಣಿ ತಗಡಿನದು. ಈ ತಗಡು ಮುಂದೆ ಮುಖ್ಯವಾಗುತ್ತದೆ. ಕೆಲವು ವರ್ಷದಿಂದ ಇನ್ಸುಲಿನ್ ಮೇಲಿದ್ದಾರೆ. 30/70 ಮಿಶ್ರಣದ ಇನ್ಸುಲಿನ್, ಬೆಳಿಗ್ಗೆ 24 ಯೂನಿಟ್, ರಾತ್ರಿ ಊಟಕ್ಕೆ ಮೊದಲು 16 ಯೂನಿಟ್. ಜೊತೆಗೆ ಮೆಟ್‌ಫಾರ್ಮಿನ್ ಮಾತ್ರೆ, ಬಿಪಿಗೆ ಒಂದು ಮಾತ್ರೆ. ಆ ಬಿಪಿ ಮಾತ್ರೆಯಲ್ಲಿ ಮೂತ್ರ ಜಾಸ್ತಿ ಮಾಡಿಸುವ ಹೈಡ್ರೋಕ್ಲೋರೋಥಯಾಜೈಡ್ ಕೂಡ ಸೇರಿತ್ತು. ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತ ಪರೀಕ್ಷೆ ಎಚ್‌ಬಿಎ1ಸಿ, ಜನವರಿಯಲ್ಲಿ ಮಾಡಿಸಿದಾಗ 7.6. ಅವರ ವಯಸ್ಸಿಗೆ, ಅವರ ಕೆಲಸಕ್ಕೆ ಡಾಕ್ಟರು ಅದನ್ನು ಒಪ್ಪಿಕೊಂಡಿದ್ದರು.

ಈ ಮನೆಯಲ್ಲಿ ಒಂದು ಒಳ್ಳೆಯ ಅಭ್ಯಾಸ ಇದೆ. ಸೊಸೆ ಒಂದು ಇನ್ನೂರು ಪುಟದ ನೋಟ್‌ಬುಕ್ಕಿಗೆ ಗೆರೆ ಹಾಕಿ ಇಟ್ಟಿದ್ದಾಳೆ. ತಾರೀಖು, ಗಂಟೆ, ಶುಗರ್, ಎಷ್ಟು ಯೂನಿಟ್ ಚುಚ್ಚಿದ್ದು, ಏನು ತಿಂದದ್ದು. ದಿನವೂ ಅಲ್ಲ, ವಾರಕ್ಕೆ ಮೂರ್ನಾಲ್ಕು ಸಲ. ಆ ಪುಸ್ತಕ ಇಲ್ಲದಿದ್ದರೆ ಈ ಪ್ರಕರಣ ಬಿಡಿಸುವುದು ಆಗುತ್ತಿರಲಿಲ್ಲ.

ಮೊದಲ ತೊಂದರೆ: ಬೆವರೇ ಗೊತ್ತಾಗಲಿಲ್ಲ

ಮಾರ್ಚ್ ಕೊನೆಯ ಹೊತ್ತಿಗೆ ಕಾಕಾ ಅವರಿಗೆ ಮಧ್ಯಾಹ್ನ 11, 12 ಗಂಟೆಗೆ ಸುಸ್ತು ಶುರುವಾಯಿತು. ಕೈ ನಡುಕ, ಮೈಯೆಲ್ಲ ಬೆವರು, ಎದೆ ಡವಡವ. ಲಿಂಬು ಶರಬತ್ತು ಕುಡಿದರೆ ಸ್ವಲ್ಪ ಹೊತ್ತಿಗೆ ಸರಿಹೋಗುತ್ತಿತ್ತು. ಎಲ್ಲರೂ ಇದನ್ನು ಬಿಸಿಲಿನ ಲೆಕ್ಕಕ್ಕೆ ಬರೆದರು. ಕಾಕಾ ಅವರದ್ದೂ ಅದೇ ಮಾತು, "ಈ ಬಿಸಲಾಗ ಬೆವರು ಯಾರಿಗಿಲ್ಲ ಹೇಳು? ಬಿಸಲು ಹತ್ಯಾದ, ಮತ್ತೇನಿಲ್ಲ."

ಮಾತು ಕೇಳಲು ಸರಿಯಾಗಿಯೇ ಇದೆ. ಆದರೆ ಲಕ್ಷಣಗಳನ್ನು ಒಂದೊಂದಾಗಿ ನೋಡಿ. ಶುಗರ್ ಒಂದು ಡೆಸಿಲೀಟರ್ ರಕ್ತಕ್ಕೆ 70 ಮಿಲಿಗ್ರಾಂಗಿಂತ ಕೆಳಗೆ ಇಳಿದಾಗ ಬೆವರು ಬರುತ್ತದೆ, ಕೈ ನಡುಗುತ್ತದೆ, ಎದೆ ಬಡಿತ ಏರುತ್ತದೆ, ತಲೆ ಮಂಕಾಗುತ್ತದೆ. ಬಿಸಿಲು ಬಡಿದಾಗಲೂ ಹೆಚ್ಚೂಕಡಿಮೆ ಹೀಗೇ. ಶರಬತ್ತಿನಲ್ಲಿ ಸಕ್ಕರೆ ಇದ್ದದ್ದರಿಂದ ಲೋ ಶುಗರ್ ಸರಿಹೋಗುತ್ತಿತ್ತು. ತಂಪಾಯಿತು, ಅದಕ್ಕೇ ಗುಣವಾಯಿತು ಅಂತ ಮನೆಯವರು ತಿಳಿದರು. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಬೇಸಿಗೆಯ ದೊಡ್ಡ ಅಪಾಯ ಇದೇ ಅಂತ ನನಗೆ ಅನಿಸುತ್ತದೆ. ಲಕ್ಷಣ ಕಣ್ಣೆದುರೇ ಇರುತ್ತದೆ, ಹವಾಮಾನದ ಹಿಂದೆ ಅಡಗಿ ಕೂತಿರುತ್ತದೆ.

ಏಪ್ರಿಲ್ ಮೊದಲ ವಾರ ಒಂದು ದಿನ ಕಾಕಾ ಗಿರಾಕಿಗೆ ಚಿಲ್ಲರೆ ಎಣಿಸಿ ಕೊಡಲಾಗದೆ ಹಾಗೇ ಕೂತುಬಿಟ್ಟರು. ಪಕ್ಕದ ಅಂಗಡಿಯವರು ಕಾಕಾ ಅವರ ಶುಗರ್ ಮೀಟರ್ ತೆಗೆದು ನೋಡಿದರು. 58 ಇತ್ತು. ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸಿದರು. 15 ನಿಮಿಷ ಬಿಟ್ಟು ಮತ್ತೆ ನೋಡಿದಾಗ 84. ಇನ್ನಷ್ಟು ಇಳಿಯದಿರಲಿ ಅಂತ ಎರಡು ಬಿಸ್ಕತ್ತು ತಿನ್ನಿಸಿದರು. ಆ ಪಕ್ಕದ ಅಂಗಡಿಯವರ ತಾಯಿಗೂ ಶುಗರ್ ಇದೆ. ಹಾಗಾಗಿ ಅವರಿಗೆ ಏನು ಮಾಡಬೇಕು ಅಂತ ಗೊತ್ತಿತ್ತು. ಅದು ನಮ್ಮ ಪುಣ್ಯ.

ಈಗ ಪ್ರಶ್ನೆ, ಜನವರಿಯಲ್ಲಿ ಇದೇ 24 ಯೂನಿಟ್ ಸರಿಯಾಗಿ ಹೊಂದಿಕೊಂಡಿತ್ತು. ಏಪ್ರಿಲ್‌ನಲ್ಲಿ ಅದೇ ಯಾಕೆ ಜಾಸ್ತಿಯಾಯಿತು?

ಒಂದು ಕಾರಣ ಚರ್ಮದಲ್ಲಿದೆ. ಇನ್ಸುಲಿನ್ ಚುಚ್ಚುವುದು ಚರ್ಮದ ಕೆಳಗಿನ ಕೊಬ್ಬಿಗೆ. ಅಲ್ಲಿಂದ ಅದು ಮೆಲ್ಲಗೆ ರಕ್ತಕ್ಕೆ ಸೇರಬೇಕು. ಸೆಖೆಯಾದಾಗ ದೇಹ ತನ್ನ ಬಿಸಿ ಹೊರಹಾಕಲು ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಅಲ್ಲಿ ರಕ್ತ ಜಾಸ್ತಿ ಹರಿಯುತ್ತದೆ. ಇನ್ಸುಲಿನ್ ಕೂಡ ಬೇಗ ಬೇಗ ರಕ್ತಕ್ಕೆ ಸೇರಿಬಿಡುತ್ತದೆ. ಫಿನ್ಲೆಂಡಿನವರು ಬಿಸಿ ಕೋಣೆಯಲ್ಲಿ ಕೂರುವ ಸೌನಾದ ಮೇಲೆ ಮಾಡಿದ ಒಂದು ಅಧ್ಯಯನ 1980ರಲ್ಲಿ ಪ್ರಕಟವಾಯಿತು. ಸೌನಾದಲ್ಲಿ ಕೂತವರಲ್ಲಿ ಚುಚ್ಚಿದ ಜಾಗದಿಂದ ಇನ್ಸುಲಿನ್ ಖಾಲಿಯಾಗುವ ವೇಗ ಸುಮಾರು ದುಪ್ಪಟ್ಟಾಗಿತ್ತು. ನಮ್ಮ ಬಿಸಿಲು ಸೌನಾದಷ್ಟು ಬಿಸಿಯಲ್ಲ. ಆದರೆ ಸೌನಾದಲ್ಲಿ ಜನ ಕೂರುವುದು ಸ್ವಲ್ಪ ಹೊತ್ತು. ತಗಡಿನ ಕೆಳಗೆ ಕಾಕಾ ಕೂರುತ್ತಿದ್ದದ್ದು ಅರ್ಧ ದಿನ.

ಇದೊಂದೇ ಆಗಿದ್ದರೆ ಶುಗರ್ 58ಕ್ಕೆ ಬರುತ್ತಿರಲಿಲ್ಲವೇನೋ. ಅದಕ್ಕಿಂತ ದೊಡ್ಡ ಕಾರಣ ನೋಟ್‌ಬುಕ್ಕಿನ ಗಂಟೆಯ ಕಾಲಮ್ಮಿನಲ್ಲಿತ್ತು.

ಬೇಸಿಗೆಯಲ್ಲಿ ಕಲಬುರಗಿ ವಿಭಾಗದಲ್ಲಿ ಸರ್ಕಾರಿ ಕಚೇರಿಗಳ ಹೊತ್ತೇ ಬದಲಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30. ಊರಿಡೀ ಅದಕ್ಕೆ ತಕ್ಕಂತೆ ಬೇಗ ಏಳುತ್ತದೆ. ಹಳ್ಳಿಗಳಿಂದ ಬರುವ ಗಿರಾಕಿಗಳು ಬಿಸಿಲೇರುವ ಮೊದಲೇ ಬಂದು ಹೋಗುತ್ತಾರೆ. ಕಾಕಾ ಕೂಡ 9 ಗಂಟೆಗೆ ತೆಗೆಯುತ್ತಿದ್ದ ಅಂಗಡಿಯನ್ನು 7ಕ್ಕೆ ತೆಗೆಯಲು ಶುರು ಮಾಡಿದ್ದರು. ಮೊದಲು 8 ಗಂಟೆಗೆ ಇನ್ಸುಲಿನ್, ಎಂಟೂವರೆಗೆ ಎರಡು ಜೋಳದ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ. ಈಗ ಆರೂಕಾಲಿಗೆ ಇನ್ಸುಲಿನ್, ಆಮೇಲೆ ಒಂದು ಬಟ್ಟಲು ಅಂಬಲಿ, ಮನಸ್ಸಾದರೆ ಅರ್ಧ ರೊಟ್ಟಿ. ಸೆಖೆಗೆ ಹಸಿವೇ ಇರುತ್ತಿರಲಿಲ್ಲ. ಮಧ್ಯಾಹ್ನದ ಊಟ ಮಾತ್ರ ಅದೇ ಒಂದೂವರೆಗೆ. ಅಂದರೆ ಇನ್ಸುಲಿನ್ ಅಷ್ಟೇ, ತಿಂಡಿ ಅರ್ಧಕ್ಕಿಂತ ಕಡಿಮೆ, ತಿಂಡಿಗೂ ಊಟಕ್ಕೂ ನಡುವೆ 5 ಗಂಟೆ ಇದ್ದದ್ದು ಈಗ 7 ಗಂಟೆಯ ಹತ್ತಿರ.

30/70ರಲ್ಲಿ 30 ಭಾಗ ಬೇಗ ಕೆಲಸ ಮಾಡುವ ಇನ್ಸುಲಿನ್, 70 ಭಾಗ ನಿಧಾನದ್ದು. ಈ ನಿಧಾನದ ಭಾಗದ ಜೋರು ಚುಚ್ಚಿದ 4 ಗಂಟೆಯ ನಂತರ ಶುರುವಾಗಿ ಇನ್ನೂ ಹಲವು ಗಂಟೆ ಇರುತ್ತದೆ. ಆರೂಕಾಲಿಗೆ ಚುಚ್ಚಿದರೆ ಲೆಕ್ಕ ಹಾಕಿ. 11ರ ಹೊತ್ತಿಗೆ ಇನ್ಸುಲಿನ್ ಜೋರಾಗಿ ಕೆಲಸ ಮಾಡುತ್ತಿದೆ, ಹೊಟ್ಟೆಯಲ್ಲಿ ಅಂಬಲಿ ಯಾವಾಗಲೋ ಕರಗಿದೆ.

ಇನ್ನೊಂದು ಸಣ್ಣ ವಿಷಯವೂ ಸೇರಿತ್ತು. ಕಾಕಾ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದದ್ದು ತೊಡೆಗೆ. ಬೇಸಿಗೆಯಲ್ಲಿ ಲಾರಿ ಮಾಲು ಬೆಳಗಿನ ತಂಪಿನಲ್ಲೇ ಬಂದು ಇಳಿಯುತ್ತದೆ. ಅವರೂ ಹುಡುಗರ ಜೊತೆ ಕೈ ಹಾಕುತ್ತಾರೆ. ತೊಡೆಗೆ ಚುಚ್ಚಿ ಆ ಕಾಲಿಗೇ ಕೆಲಸ ಕೊಟ್ಟರೆ ಇನ್ಸುಲಿನ್ ಇನ್ನೂ ಬೇಗ ರಕ್ತಕ್ಕೆ ಇಳಿಯುತ್ತದೆ.

ಡಾಕ್ಟರು ಪುಸ್ತಕ ನೋಡಿ ಬೆಳಗಿನ ಡೋಸನ್ನು 24ರಿಂದ 20ಕ್ಕೆ ಇಳಿಸಿದರು. ಹೊಟ್ಟೆಗೆ ಚುಚ್ಚಿಕೊಳ್ಳಲು ಹೇಳಿದರು. ತಿಂಡಿ ಕಟ್ಟಿಕೊಂಡು ಅಂಗಡಿಗೆ ಒಯ್ಯುವುದು ಬೇಡ, ಮನೆಯಲ್ಲೇ ಕನಿಷ್ಠ ಒಂದು ಪೂರ್ತಿ ರೊಟ್ಟಿ ತಿಂದು ಹೋಗಬೇಕು. 10.30ಕ್ಕೆ ಒಂದು ಹಿಡಿ ಪುಟಾಣಿ, ಒಂದು ಲೋಟ ಮಜ್ಜಿಗೆ. ಅಂಗಿಯ ಜೇಬಿನಲ್ಲಿ ಯಾವಾಗಲೂ ಗ್ಲೂಕೋಸ್ ಪುಡಿ. ಮತ್ತೆ ಒಂದು ಕಟ್ಟುನಿಟ್ಟಿನ ಮಾತು: ಬೆವರು, ನಡುಕ ಬಂದರೆ ಬಿಸಿಲು ಅಂತ ಸುಮ್ಮನಾಗಬೇಡಿ, ಮೊದಲು ಬೆರಳು ಚುಚ್ಚಿ ನೋಡಿ. ಮೀಟರ್ ಕೈಗೆ ಸಿಗದಿದ್ದರೆ ಸಕ್ಕರೆ ತಿಂದುಬಿಡಿ, ಲೆಕ್ಕ ಆಮೇಲೆ.

ಏಪ್ರಿಲ್ ಕೊನೆಯವರೆಗೂ ಮಧ್ಯಾಹ್ನದ ಶುಗರ್ 110ರಿಂದ 150ರ ಒಳಗೇ ಇತ್ತು. ಮನೆಯವರಿಗೆ ಸಮಾಧಾನವಾಯಿತು.

ಎರಡನೆಯ ತೊಂದರೆ: ಮಾವಿನ ಹಣ್ಣಿನ ಮೇಲೆ ಬಿದ್ದ ದೂರು

ಮೇ ಎರಡನೆಯ ವಾರ ಬೆಳಗಿನ ಖಾಲಿ ಹೊಟ್ಟೆಯ ಶುಗರ್ 190. ಎರಡು ದಿನ ಬಿಟ್ಟು 214. ಮತ್ತೆ 238. ಕಾಕಾ ಅವರಿಗೆ ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುವುದು, ಎಷ್ಟು ನೀರು ಕುಡಿದರೂ ಆರದ ಬಾಯಿ.

ಕಾಕಾ ಅವರ ಹೆಂಡತಿ, ನಮ್ಮ ಕಾಕು ಅವರ ತೀರ್ಮಾನ ತಕ್ಷಣ ಹೊರಬಿತ್ತು. "ಮಾವಿನ ಹಣ್ಣು ಬಿಡ್ರಿ ಅಂದ್ರ ಬಿಡಂಗಿಲ್ಲ ಇವರು. ಮತ್ತೇನಾಗ್ತದ?" ಮಗನ ತೀರ್ಮಾನ ಬೇರೆ. ಏಪ್ರಿಲ್‌ನಲ್ಲಿ ಇನ್ಸುಲಿನ್ ಕಡಿಮೆ ಮಾಡಿದ್ದೇ ತಪ್ಪಾಯಿತು, ಬೆಳಿಗ್ಗೆ ಮತ್ತೆ 24 ಮಾಡೋಣ, ರಾತ್ರಿಯದ್ದನ್ನೂ 16ರಿಂದ 22ಕ್ಕೆ ಏರಿಸೋಣ ಅಂತ. ನನಗೆ ಫೋನ್ ಮಾಡಿದ. ಡಾಕ್ಟರನ್ನು ಕೇಳದೆ ಒಂದು ಯೂನಿಟ್ ಕೂಡ ಏರಿಸಬೇಡ, ಪುಸ್ತಕ ತಗೊಂಡು ನಾಳೆ ಬಾ, ಜೊತೆಗೆ ಹೋಗೋಣ ಅಂದೆ.

ಆ ದಿನ ಡಾಕ್ಟರು ಪುಸ್ತಕದಲ್ಲಿ ಕಂಡದ್ದು ಏನು ಅಂತ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಇಡೀ ಪ್ರಕರಣದ ಗಂಟು ಇಲ್ಲೇ ಇದೆ.

ಬೆಳಿಗ್ಗೆ ಏಳುವಾಗ 230, 240. ತಿಂಡಿ ತಿಂದು ಎರಡು ಗಂಟೆಗೆ 280ರ ಹತ್ತಿರ. ಆದರೆ ಮಧ್ಯಾಹ್ನ ಊಟಕ್ಕೆ ಮೊದಲು 180. ಸಂಜೆ 160, 150. ಮತ್ತೆ ಮರುದಿನ ಬೆಳಿಗ್ಗೆ 240. ಅಂದರೆ ಹಗಲಿಡೀ ಶುಗರ್ ಇಳಿಯುತ್ತಿದೆ, ರಾತ್ರಿ ಏರುತ್ತಿದೆ. ಬೆಳಗಿನ 20 ಯೂನಿಟ್ ತನ್ನ ಕೆಲಸ ಮಾಡುತ್ತಿದೆ. ರಾತ್ರಿಯ 16 ಯೂನಿಟ್ ಏನೂ ಮಾಡುತ್ತಿಲ್ಲ. ಮಾವಿನ ಹಣ್ಣು ಅವರು ತಿನ್ನುತ್ತಿದ್ದದ್ದು ಮಧ್ಯಾಹ್ನ ಊಟದ ಜೊತೆ. ಅದರದ್ದೇ ತಪ್ಪಾಗಿದ್ದರೆ ಸಂಜೆ ಅಂಕಿ ಏರಬೇಕಿತ್ತು, ಬೆಳಿಗ್ಗೆ ಅಲ್ಲ.

ಡಾಕ್ಟರಿಗೆ ಇನ್ನೊಂದು ಅನುಮಾನವಿತ್ತು. ನಡುರಾತ್ರಿ ಶುಗರ್ ತೀರಾ ಇಳಿದು, ಅದಕ್ಕೆ ದೇಹ ತಾನೇ ಸಕ್ಕರೆ ಬಿಟ್ಟು ಬೆಳಿಗ್ಗೆ ಏರುತ್ತಿದೆಯೋ ಅಂತ. ಹಾಗಾಗಿ ರಾತ್ರಿ 3 ಗಂಟೆಗೆ ಎದ್ದು ನೋಡಲು ಹೇಳಿದರು. ಮೂರು ಗಂಟೆಗೆ 226. ಆ ಅನುಮಾನ ಹೋಯಿತು.

ಆಗ ಕೇಳಿದರು, "ರಾತ್ರಿ ಇನ್ಸುಲಿನ್ ಎಲ್ಲಿ ತಗೋತೀರಿ?"

"ಅಂಗಡ್ಯಾಗ್ರಿ."

"ಬಾಟ್ಲಿ ಎಲ್ಲಿ ಇಡ್ತೀರಿ?"

"ಗಲ್ಲಾದಾಗ."

ಇದು ಕೂಡ ಬಿಸಿಲೇ ತಂದ ಬದಲಾವಣೆ. ಏಪ್ರಿಲ್ ಮಧ್ಯದಿಂದ ಕಾಕಾ ಮಧ್ಯಾಹ್ನ 1ರಿಂದ 5ರವರೆಗೆ ಅಂಗಡಿ ಮುಚ್ಚುತ್ತಿದ್ದರು. ಸಂಜೆ ತೆರೆದು ರಾತ್ರಿ 10ರವರೆಗೆ ವ್ಯಾಪಾರ. ರಾತ್ರಿ ಊಟದ ಬುತ್ತಿ ಮನೆಯಿಂದ ಬರುತ್ತಿತ್ತು. ಅದಕ್ಕೆ ಅಂತ ಒಂದು ಬಾಟಲಿ ಇನ್ಸುಲಿನ್ ಅಂಗಡಿಯಲ್ಲೇ ಇಟ್ಟಿದ್ದರು. ಮನೆಯ ಫ್ರಿಜ್ಜಿನಲ್ಲಿದ್ದ ಬಾಟಲಿ ಬೇರೆ, ಅದು ಬೆಳಗಿನ ಡೋಸಿಗೆ. ಅಂಗಡಿಯ ಬಾಟಲಿ ಮಾತ್ರ, ಷಟರ್ ಎಳೆದು ಗಾಳಿಯಾಡದ ಅಂಗಡಿಯಲ್ಲಿ, ಕಾದ ತಗಡಿನ ಕೆಳಗೆ, ಕಬ್ಬಿಣದ ಗಲ್ಲಾಪೆಟ್ಟಿಗೆಯಲ್ಲಿ, ದಿನದ ಅತಿ ಬಿಸಿಯ ನಾಲ್ಕು ಗಂಟೆ ಕಳೆಯುತ್ತಿತ್ತು. ಅವರ 10 ಮಿ.ಲೀ. ಬಾಟಲಿಯಲ್ಲಿ 400 ಯೂನಿಟ್ ಇರುತ್ತದೆ. ದಿನಕ್ಕೆ 16 ಯೂನಿಟ್ ಅಂದರೆ ಅದು 25 ದಿನ ಬರುತ್ತದೆ. ಅಷ್ಟು ದಿನ ಅಲ್ಲೇ ಇತ್ತು.

ಬಾಟಲಿ ತರಿಸಿ ನೋಡಿದೆವು. 30/70 ಇನ್ಸುಲಿನ್ ಹಾಲಿನಂತೆ ಬಿಳಿಯಾಗಿರುತ್ತದೆ. ಎರಡು ಅಂಗೈ ನಡುವೆ ಮೆಲ್ಲಗೆ ಉರುಳಿಸಿದರೆ ಎಲ್ಲ ಒಂದೇ ಸಮ ಬೆರೆಯಬೇಕು. ಇದರಲ್ಲಿ ಎಷ್ಟು ಉರುಳಿಸಿದರೂ ಸಣ್ಣ ಸಣ್ಣ ಬಿಳಿ ಕಾಳು ತೇಲುತ್ತಿದ್ದವು. ಗಾಜಿನ ಒಳಗೋಡೆಗೆ ಬಿಳಿ ಪದರ ಅಂಟಿತ್ತು. ಹೀಗೆ ಕಂಡರೆ ಅದು ಕೆಟ್ಟಿದೆ. ಬಿಸಾಡಬೇಕು, ಬೇರೆ ಮಾತಿಲ್ಲ. ಒಂದು ಎಚ್ಚರಿಕೆ, ಕೆಟ್ಟ ಇನ್ಸುಲಿನ್ ಯಾವಾಗಲೂ ಹೀಗೆ ಕಣ್ಣಿಗೆ ಕಾಣುವುದಿಲ್ಲ. ನೋಡಲು ಚೆನ್ನಾಗಿದ್ದೂ ಶಕ್ತಿ ಕಳೆದುಕೊಂಡಿರಬಹುದು. ಡೋಸ್, ಊಟ ಯಾವುದೂ ಬದಲಾಗದೆ ಶುಗರ್ ಏರುತ್ತಾ ಹೋದರೆ ಮೊದಲು ಬಾಟಲಿಯ ಮೇಲೆ ಅನುಮಾನ ಪಡಬೇಕು.

ಹೊಸ ಬಾಟಲಿ ತೆಗೆದರು. ಡೋಸ್ ಅದೇ, ಬೆಳಿಗ್ಗೆ 20, ರಾತ್ರಿ 16. ನಾಲ್ಕನೆಯ ದಿನಕ್ಕೆ ಬೆಳಗಿನ ಶುಗರ್ 148.

ಈಗ ಮಗನ ಲೆಕ್ಕಕ್ಕೆ ವಾಪಸ್ ಬನ್ನಿ. ಅವನು ಹೇಳಿದಂತೆ ರಾತ್ರಿ 22 ಯೂನಿಟ್ ಮಾಡಿದ್ದರೆ, ಕೆಟ್ಟ ಬಾಟಲಿ ಮುಗಿಯುವವರೆಗೆ ಏನೂ ಆಗುತ್ತಿರಲಿಲ್ಲ. ಆಮೇಲೆ ಯಾವುದೋ ಒಂದು ರಾತ್ರಿ ಹೊಸ ಬಾಟಲಿ ತೆಗೆದು 22 ಯೂನಿಟ್ ಚುಚ್ಚುತ್ತಿದ್ದರು. ಪೂರ್ತಿ ಶಕ್ತಿಯ ಇನ್ಸುಲಿನ್, ಆರು ಯೂನಿಟ್ ಜಾಸ್ತಿ, ಆಮೇಲೆ ನಿದ್ದೆ. ರಾತ್ರಿ ಎರಡು ಮೂರು ಗಂಟೆಗೆ ಶುಗರ್ ಇಳಿದರೆ ನೋಡುವವರು ಯಾರು? ಇದನ್ನು ನೆನೆದರೆ ನನಗೆ ಈಗಲೂ ಮೈ ಜುಂ ಅನ್ನುತ್ತದೆ. ಮಗನದ್ದು ಕೆಟ್ಟ ಉದ್ದೇಶ ಅಲ್ಲವೇ ಅಲ್ಲ. ಶುಗರ್ ಏರಿದರೆ ಡೋಸ್ ಏರಿಸಬೇಕು ಅನ್ನುವುದು ಯಾರಿಗೂ ತೋಚುವ ಮಾತು. ಅದಕ್ಕೇ ಇದನ್ನು ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ನೀರಿನ ಲೆಕ್ಕ

ಕೆಟ್ಟ ಬಾಟಲಿಯ ಜೊತೆಗೆ ಇನ್ನೊಂದು ವಿಷಯ ಸದ್ದಿಲ್ಲದೆ ನಡೆದಿತ್ತು. ಶುಗರ್ ಸುಮಾರು 180 ದಾಟಿದರೆ ಕಿಡ್ನಿ ಆ ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕಲು ಶುರು ಮಾಡುತ್ತದೆ. ಸಕ್ಕರೆ ತನ್ನ ಜೊತೆ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಹೊರಗೆ ಬೆವರಿನಲ್ಲಿ ನೀರು ಹೋಗುತ್ತಿದೆ. ಮೇಲಿಂದ ಬಿಪಿ ಮಾತ್ರೆ ಕೂಡ ಮೂತ್ರ ಜಾಸ್ತಿ ಮಾಡಿಸುತ್ತಿದೆ. ಮೂರು ಕಡೆಯಿಂದ ನೀರು ಹೋದರೆ ರಕ್ತ ಗಟ್ಟಿಯಾಗುತ್ತದೆ, ಅದರಲ್ಲಿನ ಸಕ್ಕರೆಯ ಅಂಶ ಇನ್ನೂ ಏರುತ್ತದೆ. ಏರಿದ ಸಕ್ಕರೆ ಮತ್ತೆ ನೀರು ಹೊರಗೆ ತಳ್ಳುತ್ತದೆ. ಈ ಸುತ್ತು ತಾನಾಗಿ ನಿಲ್ಲುವುದಿಲ್ಲ.

ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ 1.5 ಬಂತು. ಕಿಡ್ನಿಯ ಕೆಲಸ ಕುಗ್ಗಿದರೆ ಈ ಅಂಕಿ ಏರುತ್ತದೆ. ಜನವರಿಯಲ್ಲಿ 1.1 ಇತ್ತು. ಡಾಕ್ಟರು ಬಿಪಿ ಮಾತ್ರೆ ಬದಲಿಸಿದರು, ನೀರು ತೆಗೆಯುವ ಅಂಶ ಇಲ್ಲದ್ದು ಕೊಟ್ಟರು. ಕಿಡ್ನಿ ಸರಿಹೋಗುವವರೆಗೆ ಮೆಟ್‌ಫಾರ್ಮಿನ್ ನಿಲ್ಲಿಸಿದರು. ಜೂನ್‌ನಲ್ಲಿ ಮತ್ತೆ 1.1ಕ್ಕೆ ಬಂತು, ಆಮೇಲೆ ಮೆಟ್‌ಫಾರ್ಮಿನ್ ಶುರು. ಈಚೆಗೆ ತುಂಬಾ ಜನ ತೆಗೆದುಕೊಳ್ಳುವ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳು ಕೂಡ ಸಕ್ಕರೆಯನ್ನು ಮೂತ್ರದಲ್ಲಿ ಕಳಿಸಿಯೇ ಕೆಲಸ ಮಾಡುವುದು. ಆ ಮಾತ್ರೆ ನುಂಗುತ್ತಾ ಬಿಸಿಲಲ್ಲಿ ದುಡಿಯುವವರು ಬೇಸಿಗೆಗೆ ಮೊದಲು ಒಮ್ಮೆ ಡಾಕ್ಟರ ಹತ್ತಿರ ಮಾತಾಡಿಕೊಳ್ಳಬೇಕು. ತಾವಾಗಿ ನಿಲ್ಲಿಸಬಾರದು.

ಎಷ್ಟು ನೀರು ಕುಡಿಯಬೇಕು ಅಂತ ಎಲ್ಲರಿಗೂ ಒಂದೇ ಅಳತೆ ಹೇಳಲು ಬರುವುದಿಲ್ಲ. ಹೃದಯ, ಕಿಡ್ನಿ ತೊಂದರೆ ಇದ್ದವರಿಗೆ ಡಾಕ್ಟರು ನೀರಿಗೇ ಮಿತಿ ಹಾಕಿರುತ್ತಾರೆ. ಕಾಕಾ ಅವರಿಗೆ ಅಂಥ ಮಿತಿ ಇರಲಿಲ್ಲ. ಮೂತ್ರ ತಿಳಿ ಹಳದಿ ಇರುವಷ್ಟು ಕುಡಿಯಿರಿ ಅಂದರು. ನೀರು, ಉಪ್ಪು ಸ್ವಲ್ಪವೇ ಹಾಕಿದ ಮಜ್ಜಿಗೆ. ಕಬ್ಬಿನ ಹಾಲು, ಬಾಟಲಿ ಜ್ಯೂಸು ಬೇಡ. ಶುಗರ್ ಇಳಿದಾಗ ಮಾತ್ರ ಅವು ಔಷಧ.

ಮಾವಿನ ಹಣ್ಣಿನ ಬಗ್ಗೆ ಕಾಕು ಅವರಿಗೆ ಸಮಾಧಾನ ಆಗಲಿಲ್ಲ. ಹಾಗಾಗಿ ನೋಡೇಬಿಡೋಣ ಅಂತ ಊಟದಲ್ಲಿ ಒಂದು ರೊಟ್ಟಿ ಕಡಿಮೆ ಮಾಡಿ ಅರ್ಧ ಹಣ್ಣು ಕೊಟ್ಟು ಎರಡು ಗಂಟೆಗೆ ಚುಚ್ಚಿ ನೋಡಿದರು. 172. ಹಾಗಂತ ದಿನಾ ಎರಡು ಹಣ್ಣು ತಿನ್ನಬಹುದು ಅಂತಲ್ಲ. ಆದರೆ ವರ್ಷಕ್ಕೊಮ್ಮೆ ಬರುವ ಹಣ್ಣನ್ನು ಅಳೆಯದೇ ಅಪರಾಧಿ ಮಾಡುವುದು ಬೇಡ ಅಲ್ವಾ?

ಇಡುವ ಜಾಗ

ತೆರೆಯದ ಬಾಟಲಿ ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿರಬೇಕು. ಬಳಸುತ್ತಿರುವುದನ್ನು ಸಾಮಾನ್ಯವಾಗಿ 25ರಿಂದ 30 ಡಿಗ್ರಿಯ ಒಳಗೆ ನಾಲ್ಕು ವಾರ ಇಡಬಹುದು. ಡಬ್ಬಿಯ ಮೇಲೆ ಆಯಾ ಕಂಪನಿ ಬರೆದಿರುತ್ತದೆ, ಅದನ್ನು ಪಾಲಿಸಿ. ಬರ್ಫದ ಖಾನೆಯ ಹತ್ತಿರ ಇಡಬಾರದು. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಕೆಲಸಕ್ಕೆ ಬರುವುದಿಲ್ಲ. ಎಷ್ಟೋ ಮನೆಗಳಲ್ಲಿ ಬಿಸಿಲು ಜಾಸ್ತಿ ಅಂತ ಪ್ರೀತಿಯಿಂದ ಫ್ರೀಜರ್ ಒಳಗೇ ಇಟ್ಟದ್ದನ್ನು ನೋಡಿದ್ದೇನೆ.

ಕರೆಂಟ್ ಎರಡು ಮೂರು ಗಂಟೆ ಹೋಯಿತು ಅಂತ ಹೆದರಬೇಕಿಲ್ಲ. ಬಾಗಿಲು ಪದೇ ಪದೇ ತೆಗೆಯದಿದ್ದರೆ ಫ್ರಿಜ್ಜಿನ ತಂಪು ಅಷ್ಟು ಹೊತ್ತು ಉಳಿಯುತ್ತದೆ.

ಫ್ರಿಜ್ ಇಲ್ಲದವರೂ ಕೈಚೆಲ್ಲಬೇಕಿಲ್ಲ. ಇದಕ್ಕೆ ಕೀನ್ಯಾದಿಂದ ಒಂದು ಒಳ್ಳೆಯ ಸುದ್ದಿ ಇದೆ. ಅಲ್ಲಿನ ದಾಗಹಲೆ ನಿರಾಶ್ರಿತರ ಶಿಬಿರದಲ್ಲಿ ಮನೆಗಳಲ್ಲಿ ಫ್ರಿಜ್ ಇಲ್ಲ. ಗಡಿಗಳಿಲ್ಲದ ವೈದ್ಯರು ಸಂಸ್ಥೆ ಅಲ್ಲಿನ ಮನೆಗಳ ಒಳಗಿನ ಉಷ್ಣತೆ ಅಳೆಯಿತು. ಹಗಲು 37 ಡಿಗ್ರಿ, ರಾತ್ರಿ 25ರವರೆಗೆ ಏರಿಳಿಯುತ್ತಿತ್ತು. ಜಿನೀವಾ ವಿಶ್ವವಿದ್ಯಾಲಯದವರು ಪ್ರಯೋಗಾಲಯದಲ್ಲಿ ಅದೇ ಏರಿಳಿತದಲ್ಲಿ ನಾಲ್ಕು ವಾರ ಇನ್ಸುಲಿನ್ ಇಟ್ಟು ಪರೀಕ್ಷಿಸಿದರು. 2021ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ತಂಪಿನಲ್ಲಿಟ್ಟ ಇನ್ಸುಲಿನ್‌ಗೂ ಇದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಫ್ರಿಜ್ ಇಲ್ಲ ಅನ್ನುವ ಒಂದೇ ಕಾರಣಕ್ಕೆ ದಿನಾ ಆಸ್ಪತ್ರೆಗೆ ಬಂದು ಚುಚ್ಚಿಸಿಕೊಳ್ಳಬೇಕಿದ್ದ ಜನರಿಗೆ ಇದು ಎಷ್ಟು ದೊಡ್ಡ ವಿಷಯ ಯೋಚಿಸಿ. ಆದರೆ ಆ ಪರೀಕ್ಷೆಯ ಮಿತಿ 37 ಡಿಗ್ರಿ, ಅದೂ ರಾತ್ರಿ ತಂಪಾಗುತ್ತಾ. ಷಟರ್ ಎಳೆದ ತಗಡಿನ ಅಂಗಡಿ ಆ ಲೆಕ್ಕದಲ್ಲಿ ಬರುವುದಿಲ್ಲ.

ನಮ್ಮ ಕಡೆ ಮಣ್ಣಿನ ಗಡಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ದೊಡ್ಡ ಗಡಿಗೆಯೊಳಗೆ ಸಣ್ಣದೊಂದು, ನಡುವೆ ಮರಳು, ಮರಳಿಗೆ ದಿನಕ್ಕೆ ಎರಡು ಸಲ ನೀರು. ಬಾಟಲಿಯನ್ನು ನೀರು ಹೋಗದಂತೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಒಳಗಿನ ಗಡಿಗೆಯಲ್ಲಿಟ್ಟು ಮೇಲೆ ಒದ್ದೆ ಬಟ್ಟೆ. ನೀರು ಆವಿಯಾಗುತ್ತಾ ಬಿಸಿಯನ್ನು ಎಳೆದುಕೊಳ್ಳುತ್ತದೆ. ಗಾಳಿ ಒಣಗಿದ್ದಷ್ಟೂ ತಂಪು ಜಾಸ್ತಿ. ಕಲಬುರಗಿ, ರಾಯಚೂರು, ವಿಜಯಪುರದ ಒಣ ಬಿಸಿಲಿಗೆ ಇದು ಹೇಳಿ ಮಾಡಿಸಿದ್ದು. ಮಂಗಳೂರು, ಕಾರವಾರದಲ್ಲಿ ಗಾಳಿಯೇ ತೇವ ಇರುವುದರಿಂದ ಅಷ್ಟು ತಂಪಾಗುವುದಿಲ್ಲ. ಅಲ್ಲಿ ಬೆವರು ಕೂಡ ಆರುವುದಿಲ್ಲ ನೋಡಿ, ಅದೇ ಕಾರಣ. ಗಲ್ಫ್ ದೇಶಗಳಲ್ಲಿ ದುಡಿಯುವ ನಮ್ಮವರು ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಇನ್ಸುಲಿನ್ ಪೆನ್ ಬಿಡುವುದನ್ನು ಮರೆಯದೆ ತಪ್ಪಿಸಬೇಕು. ಮುಚ್ಚಿದ ಕಾರು ಹೊರಗಿನ ಗಾಳಿಗಿಂತ ಎಷ್ಟೋ ಬಿಸಿಯಾಗುತ್ತದೆ.

ಕಾಕಾ ಅವರ ಮನೆಯಲ್ಲಿ ಮಾಡಿದ ವ್ಯವಸ್ಥೆ ಇದಕ್ಕಿಂತ ಸುಲಭದ್ದು. ಅಂಗಡಿಯಲ್ಲಿ ಬಾಟಲಿ ಇಡುವುದೇ ನಿಲ್ಲಿಸಿದರು. ಇರುವುದು ಒಂದೇ ಬಾಟಲಿ. ಅದು ರಾತ್ರಿ ಬುತ್ತಿಯ ಜೊತೆ ಬರುತ್ತದೆ, ಚುಚ್ಚಿದ ಮೇಲೆ ಖಾಲಿ ಡಬ್ಬಿಯ ಜೊತೆ ಮನೆಗೆ ವಾಪಸ್ ಹೋಗುತ್ತದೆ. ತೆಗೆದ ತಾರೀಖನ್ನು ಸೊಸೆ ಬಾಟಲಿಯ ಮೇಲೆ ಪೆನ್ನಿನಲ್ಲಿ ಬರೆಯುತ್ತಾಳೆ. ಮೀಟರ್, ಸ್ಟ್ರಿಪ್ ಡಬ್ಬಿ ಕೂಡ ಅಂಗಡಿಯಲ್ಲಿ ಉಳಿಯುವುದಿಲ್ಲ. ತುಂಬಾ ಮೀಟರ್‌ಗಳು 40 ಡಿಗ್ರಿಯ ಮೇಲೆ ಕೆಲಸ ಮಾಡುವುದಿಲ್ಲ, ಬಿಸಿ ಜಾಸ್ತಿ ಅಂತ ಗುರುತು ತೋರಿಸಿ ನಿಲ್ಲುತ್ತವೆ. ಬಿಸಿಗೆ, ತೇವಕ್ಕೆ ತೆರೆದಿಟ್ಟ ಸ್ಟ್ರಿಪ್ ಸುಳ್ಳು ಅಂಕಿ ಕೊಡಬಹುದು. ಬೆರಳಿನ ಮೇಲಿನ ಬೆವರು ಕೂಡ ರಕ್ತದ ಹನಿಯನ್ನು ತೆಳು ಮಾಡುತ್ತದೆ. ಹಣ್ಣು ಮುಟ್ಟಿದ ಕೈಯಾದರೆ ಅಂಕಿ ಸುಮ್ನೆ ಏರುತ್ತದೆ. ಕೈ ತೊಳೆದು ಒರೆಸಿಯೇ ಚುಚ್ಚಬೇಕು.

ಚಳಿಗಾಲದಲ್ಲಿ

ಜುಲೈನಲ್ಲಿ ಎಚ್‌ಬಿಎ1ಸಿ 8.1 ಬಂತು. ಮೇ ತಿಂಗಳ ಏರಿಕೆ ಅದರಲ್ಲಿ ಕಂಡಿತು. ಆದರೆ ಏಪ್ರಿಲ್‌ನ 58 ಅದರಲ್ಲಿ ಎಲ್ಲೂ ಕಾಣಲಿಲ್ಲ. ಅದು ಎರಡು ಮೂರು ತಿಂಗಳ ಸರಾಸರಿ ಅಷ್ಟೇ. ಇಳಿದದ್ದೂ ಏರಿದ್ದೂ ಅದರಲ್ಲಿ ಸೇರಿಹೋಗುತ್ತವೆ. ಆಸ್ಪತ್ರೆಗೆ ರಿಪೋರ್ಟ್ ಒಂದನ್ನೇ ಒಯ್ಯುವವರು ಇದನ್ನು ನೆನಪಿಡಬೇಕು. ಅಕ್ಟೋಬರ್‌ನಲ್ಲಿ 7.4ಕ್ಕೆ ಇಳಿಯಿತು.

ನವೆಂಬರ್ ಕೊನೆಗೆ ಚಳಿ ಬಿತ್ತು. ಮಧ್ಯಾಹ್ನದ ಶುಗರ್ ಮೆಲ್ಲಗೆ 190, 200ಕ್ಕೆ ಹತ್ತಿತು. ಬೇಸಿಗೆಯ ಕಥೆಯೇ ತಿರುಗುಮುರುಗು. ಅಂಗಡಿ ಮತ್ತೆ 9ಕ್ಕೆ, ತಿಂಡಿ ಮತ್ತೆ ಎರಡು ರೊಟ್ಟಿ, ಸಜ್ಜೆ ರೊಟ್ಟಿಗೆ ಬೆಣ್ಣೆ. ಸೀತನಿ, ಅಂದರೆ ಸುಟ್ಟ ಎಳೆ ಜೋಳದ ತೆನೆಯ ಕಾಳು ಬಂತು, ಅದರ ಜೊತೆ ಬೆಲ್ಲ, ಶೇಂಗಾ ಹಿಂಡಿ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ ಭಜ್ಜಿ, ಕಡುಬು, ಹೋಳಿಗೆ. ಬೆಳಗಿನ ವಾಕಿಂಗ್ ಚಳಿಗೆ ನಿಂತಿತು. ಡಾಕ್ಟರು ಬೆಳಗಿನ ಡೋಸನ್ನು ಮತ್ತೆ 24 ಮಾಡಿದರು. ಚಳಿಗಾಲದಲ್ಲಿ ಸರಾಸರಿ ಶುಗರ್ ಸ್ವಲ್ಪ ಏರುವುದನ್ನು ಬೇರೆ ಬೇರೆ ದೇಶಗಳಲ್ಲಿ ಕಂಡಿದ್ದಾರೆ. ಅಮೆರಿಕದ ಎರಡೂವರೆ ಲಕ್ಷಕ್ಕೂ ಹೆಚ್ಚು ಮಾಜಿ ಸೈನಿಕರ ಎಚ್‌ಬಿಎ1ಸಿ ದಾಖಲೆ ನೋಡಿದ 2005ರ ಅಧ್ಯಯನದಲ್ಲಿ ಚಳಿಗಾಲದ ಅಂಕಿ ಬೇಸಿಗೆಗಿಂತ ಜಾಸ್ತಿ ಇತ್ತು. ಅಂತರ ದೊಡ್ಡದಲ್ಲ. ಊಟ, ನಡಿಗೆ, ಹಬ್ಬ ಎಲ್ಲ ಅದರಲ್ಲಿ ಸೇರಿದೆ.

ಈಗ ಕಾಕಾ ಮಾರ್ಚ್ ಮೊದಲ ವಾರ ಮತ್ತು ನವೆಂಬರ್ ಕೊನೆಗೆ, ತೊಂದರೆ ಇರಲಿ ಬಿಡಲಿ, ಪುಸ್ತಕ ಹಿಡಿದು ಡಾಕ್ಟರ ಹತ್ತಿರ ಹೋಗುತ್ತಾರೆ. ಅಂಗಡಿಯ ಹೊತ್ತು ಬದಲಾಗುವ ವಾರ ಏಳು ದಿನವೂ ಮಧ್ಯಾಹ್ನ 11ಕ್ಕೆ ಬೆರಳು ಚುಚ್ಚಿ ನೋಡುತ್ತಾರೆ. ನೋಟ್‌ಬುಕ್ಕಿಗೆ ಸೊಸೆ ಹೊಸದಾಗಿ ಎರಡು ಕಾಲಮ್ ಸೇರಿಸಿದ್ದಾಳೆ. ಒಂದು, ಯಾವ ಬಾಟಲಿಯಿಂದ ಚುಚ್ಚಿದ್ದು. ಇನ್ನೊಂದು, ದೇಹದ ಯಾವ ಜಾಗಕ್ಕೆ.

ಕಾಕಾ ಅವರ 20, 24, 16 ಅವರಿಗೆ ಮಾತ್ರ. ಓದಿದವರು ಅದನ್ನು ತಮಗೆ ಹೊಂದಿಸಿಕೊಳ್ಳಬಾರದು. ಬರೀ ಮೆಟ್‌ಫಾರ್ಮಿನ್ ಮೇಲಿರುವವರಿಗೆ ಶುಗರ್ ತೀರಾ ಇಳಿಯುವುದು ಅಪರೂಪ. ಇನ್ಸುಲಿನ್ ತೆಗೆದುಕೊಳ್ಳುವವರು, ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆ ನುಂಗುವವರು ಮಾತ್ರ ಬೇಸಿಗೆಯಲ್ಲಿ ಊಟ ತಪ್ಪಿಸಲೇಬಾರದು. ಶುಗರ್ 300ರ ಮೇಲೆ ನಿಂತು, ವಾಂತಿಯಾಗಿ ಕುಡಿದ ನೀರು ನಿಲ್ಲದಿದ್ದರೆ, ಮಂಪರು ಕವಿದರೆ, ಬೆಳಗಾಗಲಿ ಅಂತ ಕಾಯದೆ ಆ ರಾತ್ರಿಯೇ ಆಸ್ಪತ್ರೆಗೆ ಹೋಗಬೇಕು. ಹೋಗುವಾಗ ಬಳಸುತ್ತಿರುವ ಬಾಟಲಿಯನ್ನೂ ಚೀಲಕ್ಕೆ ಹಾಕಿಕೊಳ್ಳಿ. ಡಾಕ್ಟರಿಗೆ ಅದನ್ನೂ ನೋಡಬೇಕಾಗುತ್ತದೆ.